ಲೆಕ್ಕದ ನಕಲು ಊರಾಚೆ ಇರಲಿ

ಮಾರ್ಚ್ 31 ನಮ್ಮ ವ್ಯಾಪಾರಿಗಳಿಗೆ ವರ್ಷದ ಲೆಕ್ಕ ಮುಗಿಸುವ ದಿನ. ಜಗತ್ತಿನ ಕಂಪ್ಯೂಟರ್ ಮಂದಿಗೆ ಅದೇ ‘ಬ್ಯಾಕಪ್ ದಿನ’. ಡೇರಿ, ಮಂಡಿ, ತೋಟದ ಆಫೀಸುಗಳಲ್ಲಿ ಫೈಲುಗಳ ನಕಲಿಗೇನೂ ಬರವಿಲ್ಲ. ತೊಂದರೆ ಏನೆಂದರೆ, ಅಷ್ಟೂ ನಕಲುಗಳು ಒಂದೇ ಮೇಜಿನ ಮೇಲಿವೆ!

ಬೆಳಗಿನ ಆರು ಗಂಟೆ. ಹಳ್ಳಿಯ ಹಾಲಿನ ಡೇರಿಯ ಮುಂದೆ ಕ್ಯಾನು, ಬಕೆಟ್ಟು, ತಂಬಿಗೆ ಹಿಡಿದವರ ಸಾಲು. ಒಳಗೆ ಹಾಲು ತೂಕಕ್ಕೆ ಬೀಳುತ್ತದೆ. ಅದರಲ್ಲೊಂದು ಗುಟುಕು ಪರೀಕ್ಷೆಯ ಯಂತ್ರಕ್ಕೆ ಹೋಗುತ್ತದೆ. ಪರದೆಯ ಮೇಲೆ ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ), ದರ, ರೂಪಾಯಿ ಒಂದರ ಹಿಂದೊಂದು ಮೂಡುತ್ತವೆ. ಚೀಟಿ ಕೈಗೆ ಬಂದೊಡನೆ ಸಾಲು ಒಂದು ಹೆಜ್ಜೆ ಮುಂದೆ ಸರಿಯುತ್ತದೆ. 2024ರ ಜೂನ್ ಕೊನೆಯ ಹೊತ್ತಿಗೆ ರಾಜ್ಯದ ಹಾಲು ಒಕ್ಕೂಟಗಳ ಸಂಗ್ರಹ ದಿನಕ್ಕೆ ಒಂದು ಕೋಟಿ ಲೀಟರಿನ ಆಸುಪಾಸು ಮುಟ್ಟಿತ್ತು. ಆ ಹಾಲೆಲ್ಲ ಹರಿದು ಬರುವುದು ಇಂಥ ಸಾವಿರಾರು ಕೋಣೆಗಳಿಂದ. ಎಷ್ಟೋ ಕೋಣೆಗಳ ಮೂಲೆಯಲ್ಲಿ ಈಗ ದೂಳು ಹಿಡಿದ ಒಂದು ಕಂಪ್ಯೂಟರು ಕೂತಿದೆ.

ಬಟವಾಡೆಯ ಹಿಂದಿನ ರಾತ್ರಿ ಆ ಕಂಪ್ಯೂಟರು ಕೈಕೊಟ್ಟರೆ ಏನು ಗತಿ? ಹಾಲು ಆಗಲೇ ಟ್ಯಾಂಕರು ಹತ್ತಿ ಹೋಗಿಯಾಗಿದೆ. ಯಾರು ಎಷ್ಟು ಹಾಕಿದರು, ಯಾರ ಹಾಲಿನಲ್ಲಿ ಫ್ಯಾಟು ಎಷ್ಟಿತ್ತು, ಪಶು ಆಹಾರದ ಸಾಲದಲ್ಲಿ ಯಾರಿಗೆ ಎಷ್ಟು ಕಡಿತ ಎಂಬ ಲೆಕ್ಕ ಮಾತ್ರ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ. ಅಡಿಕೆ ಮಂಡಿಯ ಉದ್ರಿ ಖಾತೆ, ಗೊಬ್ಬರದಂಗಡಿಯ ದಾಸ್ತಾನು, ಕಾಫಿ ತೋಟದ ಆಳುಗಳ ಹಾಜರಿ, ಇವುಗಳ ಪಾಡೂ ಅಷ್ಟೇ. ಇಲ್ಲೆಲ್ಲ ವಿಚಾರಿಸಿದರೆ ಬರುವ ಉತ್ತರ ಒಂದೇ: ‘ಬ್ಯಾಕಪ್ ಇದೆಯಲ್ಲ!’ ಅದು ಸುಳ್ಳೂ ಅಲ್ಲ. ‘ಸಿ’ ಡ್ರೈವಿನ ಲೆಕ್ಕದ ಒಂದು ಪ್ರತಿ ‘ಡಿ’ ಡ್ರೈವಿನಲ್ಲಿರುತ್ತದೆ. ಇನ್ನೊಂದು ಪೆನ್ ಡ್ರೈವಿನಲ್ಲಿರುತ್ತದೆ. ಆ ಪೆನ್ ಡ್ರೈವು ಅದೇ ಕಂಪ್ಯೂಟರಿಗೆ ವರ್ಷವಿಡೀ ಚುಚ್ಚಿಕೊಂಡೇ ಇರುತ್ತದೆ. ಒಂದು ಸಿಡಿಲು, ಒಬ್ಬ ಕಳ್ಳ ಅಥವಾ ಮಾಡಿನಿಂದ ಸೋರುವ ಒಂದು ರಾತ್ರಿಯ ಮಳೆ ಸಾಕು, ಮೂಲವೂ ನಕಲುಗಳೂ ಒಟ್ಟಿಗೇ ಹೋಗಲು. ಆದ್ದರಿಂದ ನಕಲು ಎಷ್ಟಿವೆ ಎಂದು ಎಣಿಸಿ ಫಲವಿಲ್ಲ. ಮೂಲಕ್ಕೆ ಬಂದ ಕೇಡು ತಲುಪದಷ್ಟು ದೂರದಲ್ಲಿ ಅವುಗಳಲ್ಲಿ ಒಂದಾದರೂ ಇದೆಯೇ ಎಂದು ಕೇಳಬೇಕು.

ದೂರ ಎಂದರೆ ಬರೀ ಕಿಲೋಮೀಟರಿನ ಮಾತಲ್ಲ. 2017ರ ಜೂನ್ 27ರಂದು ಡೆನ್ಮಾರ್ಕಿನ ಹಡಗು ಸಾಗಣೆ ಕಂಪನಿ ಮೇರ್ಸ್ಕ್‌ಗೆ ಆದದ್ದು ಇದಕ್ಕೆ ಸಾಕ್ಷಿ. ‘ನಾಟ್‌ಪೆಟ್ಯಾ’ ಎಂಬ ಕುತಂತ್ರಾಂಶ ಅಂದು ಅದರ ಜಾಲಕ್ಕೆ ನುಗ್ಗಿತು. ಅದು ಹೊಕ್ಕ ಬಾಗಿಲನ್ನು ಗಮನಿಸಬೇಕು: ಉಕ್ರೇನಿನ ಕಂಪನಿಗಳು ತೆರಿಗೆ ಲೆಕ್ಕಕ್ಕೆ ಬಳಸುತ್ತಿದ್ದ ಸಾಮಾನ್ಯ ತಂತ್ರಾಂಶವೊಂದರ ಅಪ್‌ಡೇಟ್. ಯಾವ ಸಿಬ್ಬಂದಿಗೆ ಯಾವ ಕಂಪ್ಯೂಟರು ತೆರೆಯಬೇಕು ಎಂಬ ಇಡೀ ಜಾಲದ ನಕ್ಷೆಯನ್ನು ಮೇರ್ಸ್ಕ್ ಜಗತ್ತಿನ ಸುಮಾರು 150 ಸರ್ವರುಗಳಲ್ಲಿ ಇಟ್ಟಿತ್ತು. ಒಂದು ಹೋದರೆ ಇನ್ನೊಂದು ಇರಲೆಂದು ಅವೆಲ್ಲ ಪರಸ್ಪರ ನಕಲು ಮಾಡಿಕೊಳ್ಳುತ್ತಿದ್ದವು. ಖಂಡಾಂತರಗಳಲ್ಲಿ ಹರಡಿದ್ದ 150 ಪ್ರತಿಗಳಿಗಿಂತ ಭದ್ರ ಇನ್ನೇನು ಬೇಕು ಎನಿಸೀತು. ಆದರೆ ಎಲ್ಲವೂ ಒಂದೇ ತಂತಿಗೆ ಪೋಣಿಸಿಕೊಂಡಿದ್ದರಿಂದ ಒಂದೇ ಏಟಿಗೆ ಅಳಿಸಿಹೋದವು. ಉಳಿದದ್ದು ಆಫ್ರಿಕದ ಘಾನಾದ ಕಚೇರಿಯಲ್ಲಿದ್ದ ಒಂದೇ ಒಂದು. ಆ ಹೊತ್ತಿಗೆ ಅಲ್ಲಿ ಕರೆಂಟು ಹೋಗಿ ಅದು ಜಾಲದಿಂದ ಕಳಚಿಕೊಂಡಿತ್ತು, ಅಷ್ಟೇ. ಅದರಲ್ಲಿದ್ದ ಮಾಹಿತಿಯನ್ನು ಇಂಟರ್‌ನೆಟ್ಟಿನಲ್ಲಿ ಕಳುಹಿಸೋಣವೆಂದರೆ ಅಲ್ಲಿನ ಸಂಪರ್ಕ ತೀರಾ ನಿಧಾನ. ಹೊತ್ತು ತರೋಣವೆಂದರೆ, ದುರಸ್ತಿ ಕೆಲಸ ನಡೆಯುತ್ತಿದ್ದ ಬ್ರಿಟನ್ನಿಗೆ ಹೋಗಲು ಅಲ್ಲಿನ ಸಿಬ್ಬಂದಿಗೆ ವೀಸಾ ಇಲ್ಲ. ಕೊನೆಗೆ ಒಬ್ಬರು ನೈಜೀರಿಯಾದವರೆಗೆ ಹಾರ್ಡ್ ಡಿಸ್ಕ್ ತಂದುಕೊಟ್ಟು, ಇನ್ನೊಬ್ಬರು ಅಲ್ಲಿಂದ ಲಂಡನ್ ವಿಮಾನ ಹತ್ತಿದರು. ಕಂಪನಿ ಸುಮಾರು 4,000 ಸರ್ವರುಗಳನ್ನೂ 45,000 ಕಂಪ್ಯೂಟರುಗಳನ್ನೂ ಹೊಸದಾಗಿ ಕಟ್ಟಬೇಕಾಯಿತು. ಕರೆಂಟು ತೆಗೆಯುವವರಿಗೆ ಶಾಪ ಹಾಕುವ ನಾವು ಘಾನಾದ ಈ ಪ್ರಸಂಗವನ್ನು ನೆನಪಿಡುವುದು ಒಳ್ಳೆಯದು.

ಮೇರ್ಸ್ಕ್ ಎಲ್ಲಿ, ಮಂಡಿಯ ಅಂಗಡಿ ಎಲ್ಲಿ ಎನ್ನಬಹುದು. ಗಾತ್ರ ಬೇರೆ, ನಿಯಮ ಒಂದೇ. ಮೇಜಿನ ಕಂಪ್ಯೂಟರಿಗೆ ಸದಾ ಅಂಟಿಕೊಂಡಿರುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕು ಆ 149ರ ಸಾಲಿಗೆ ಸೇರಿದ್ದು. ಫೈಲುಗಳನ್ನು ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್‌ಗೆ ಕಂಪ್ಯೂಟರಿನ ಒಳಗಿನ ಡ್ರೈವು, ಹೊರಗೆ ತೂಗಾಡುವ ಡ್ರೈವು ಎಂಬ ಭೇದವಿಲ್ಲ. ಪರದೆಯಲ್ಲಿ ಕಾಣುವುದೆಲ್ಲ ಅದರ ಕೈಗೆ ಸಿಗುತ್ತದೆ. ಹಾಗಾಗಿ ನಕಲು ಮುಗಿದೊಡನೆ ಡಿಸ್ಕನ್ನು ಕಳಚಿ ಬೇರೆ ಮನೆಗೆ ಒಯ್ಯುವುದು, ಯಾವ ದುಬಾರಿ ತಂತ್ರಾಂಶವೂ ಕೊಡದಷ್ಟು ರಕ್ಷಣೆ ಕೊಡುತ್ತದೆ.

> ಮೂರು, ಎರಡು, ಒಂದು
> ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ‘3-2-1’ ಎಂದು ಹೆಸರಾದ ಈ ಸೂತ್ರವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ. ಡಿಜಿಟಲ್ ಫೋಟೊಗಳನ್ನು ಕಾಪಿಡುವುದು ಹೇಗೆಂದು ಅವರು 2005ರಲ್ಲಿ ಬರೆದ ಪುಸ್ತಕದಿಂದ ಹೊರಟ ಮಾತು ಇಂದು ಸೈಬರ್ ಭದ್ರತಾ ಸಂಸ್ಥೆಗಳ ಸಲಹಾಪಟ್ಟಿಗಳಲ್ಲಿದೆ.
> ವಿಶ್ವ ಬ್ಯಾಕಪ್ ದಿನ ಶುರುವಾದದ್ದು 2011ರಲ್ಲಿ. ಏಪ್ರಿಲ್ ಒಂದರಂದು ಮೂರ್ಖರಾಗದಿರಲಿ ಎಂದೇ ಹಿಂದಿನ ದಿನವನ್ನು ಆರಿಸಿಕೊಂಡರು.

ಇಷ್ಟು ಹೇಳಿದ ಕೂಡಲೇ ಬರುವ ಮೊದಲ ಆಕ್ಷೇಪ: ‘ನಮ್ಮಂಥ ಸಣ್ಣವರ ಮೇಲೆ ಯಾರು ದಾಳಿ ಮಾಡುತ್ತಾರೆ?’ ಯಾರೂ ಹೆಸರು ಹಿಡಿದು ಹುಡುಕಿಕೊಂಡು ಬರುವುದಿಲ್ಲ ಎಂಬುದು ನಿಜ. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಬೀಗ ಜಡಿದಾಗಲೂ ಯಾರನ್ನೂ ಆರಿಸಿರಲಿಲ್ಲ. ವಿಂಡೋಸ್‌ನ ಒಂದು ಬಿರುಕನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಹಿಂದೆಯೇ ಬಂದಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳನ್ನೆಲ್ಲ ಅದು ಹೊಕ್ಕಿತು. ಆಂಧ್ರದ ಪೊಲೀಸ್ ಕಂಪ್ಯೂಟರುಗಳೂ ಪಶ್ಚಿಮ ಬಂಗಾಳದ ವಿದ್ಯುತ್ ಕಚೇರಿಗಳೂ ಅದರ ಬಲೆಗೆ ಬಿದ್ದವು. ಕೇಳಿದ ಹಣ 300 ಡಾಲರ್. ಇಷ್ಟು ಸಣ್ಣ ಮೊತ್ತ ಕೇಳುವವರ ಕಣ್ಣು ದೊಡ್ಡ ಕಂಪನಿಗಳ ಮೇಲಷ್ಟೇ ಇದ್ದೀತೇ? ಸಣ್ಣವರಿಗೆ ಇನ್ನೊಂದು ಅಪಾಯವೂ ಇದೆ: ಅವರೆಲ್ಲ ಒಂದೇ ಆಸರೆಗೆ ಜೋತುಬಿದ್ದಿರುತ್ತಾರೆ. 2024ರ ಜುಲೈ ಕೊನೆಯಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಜ್ ಎಂಬ ಕಂಪನಿಗೆ ರಾನ್ಸಮ್‌ವೇರ್ ತಗುಲಿತು. ರಾಷ್ಟ್ರೀಯ ಪಾವತಿ ನಿಗಮವು ಅದನ್ನು ತನ್ನ ಜಾಲದಿಂದ ಬೇರ್ಪಡಿಸಿದಾಗ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ವ್ಯವಸ್ಥೆ ಒಟ್ಟಿಗೆ ನಿಂತಿತು. ಆ ಬ್ಯಾಂಕುಗಳ ಮೇಲೆ ಯಾರೂ ನೇರವಾಗಿ ಕೈಮಾಡಿರಲಿಲ್ಲ.

ಅದೂ ಅಲ್ಲದೆ, ದಾಳಿಯೇ ಆಗಬೇಕೆಂದಿಲ್ಲ. ಲಕ್ಷಾಂತರ ಹಾರ್ಡ್ ಡಿಸ್ಕುಗಳನ್ನು ಓಡಿಸಿ, ಎಷ್ಟು ಕೆಟ್ಟವು ಎಂದು ಬಹಿರಂಗವಾಗಿ ಪ್ರಕಟಿಸುವ ಅಮೆರಿಕದ ಬ್ಯಾಕ್‌ಬ್ಲೇಜ್ ಕಂಪನಿಯ 2024ರ ಲೆಕ್ಕದಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ಒಂದೂವರೆ ಡಿಸ್ಕು ಕೆಟ್ಟಿವೆ. ಅವು ತಂಪಾದ, ದೂಳಿಲ್ಲದ ಕೋಣೆಯಲ್ಲಿ ಒಂದೇ ಹದದ ವಿದ್ಯುತ್ತಿನಲ್ಲಿ ಓಡುವ ಡಿಸ್ಕುಗಳು. ವೋಲ್ಟೇಜು ಏರಿಳಿಯುವ, ಹಿಂಡಿಬೂಸಾದ ದೂಳು ತುಂಬಿದ, ಯುಪಿಎಸ್‌ನ ಬ್ಯಾಟರಿ ಸತ್ತು ಎರಡು ವರ್ಷವಾದ ಕೋಣೆಗೆ ಆ ಲೆಕ್ಕವನ್ನು ಹೊಂದಿಸಿ ಸಮಾಧಾನಪಡುವಂತಿಲ್ಲ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ‘ಈಗೆಲ್ಲ ಕ್ಲೌಡ್‌ನಲ್ಲಿದೆ. ಗೂಗಲ್ ಡ್ರೈವು, ಒನ್‌ಡ್ರೈವು ತಾವಾಗಿಯೇ ಉಳಿಸಿಕೊಳ್ಳುತ್ತವೆ.’ ಕ್ಲೌಡ್ ಬೇಡವೆಂದು ಯಾರೂ ಹೇಳಬೇಕಿಲ್ಲ. ಊರಾಚೆಯ ಪ್ರತಿಗೆ ಅದಕ್ಕಿಂತ ಅಗ್ಗದ ದಾರಿ ಸಿಗುವುದು ಕಷ್ಟ, ಗೂಗಲ್ 15 ಜಿಬಿಯವರೆಗೆ ದುಡ್ಡೂ ಕೇಳುವುದಿಲ್ಲ. ಆದರೆ ಅಲ್ಲಿ ನಡೆಯುವುದು ಬಹುಮಟ್ಟಿಗೆ ಸಿಂಕ್: ಇಲ್ಲಿ ಆದದ್ದು ಅಲ್ಲಿಯೂ ಆಗುತ್ತದೆ. ಇಲ್ಲಿ ಹಾಳಾದ ಫೈಲು ಕೆಲವೇ ನಿಮಿಷಗಳಲ್ಲಿ ಅಲ್ಲಿಯೂ ಹಾಳು. ಇಲ್ಲಿ ಅಳಿಸಿದ್ದು ಅಲ್ಲಿ ಕಸದ ಬುಟ್ಟಿಗೆ ಬೀಳುತ್ತದೆ, ಗೂಗಲ್ ಡ್ರೈವಿನಲ್ಲಾದರೆ 30 ದಿನಗಳ ಮೇಲೆ ಪೂರ್ತಿ ಮಾಯ. ಜನವರಿಯಲ್ಲಿ ಕೈತಪ್ಪಿ ಅಳಿಸಿದ ಒಂದು ಖಾತೆ ನೆನಪಿಗೆ ಬರುವುದು ಮಾರ್ಚ್ ಎಂಡ್‌ಗೆ. ಜಾಗದ ದೂರವಿದ್ದು ಕಾಲದ ದೂರವಿಲ್ಲದ ನಕಲಿನ ಕೊರತೆ ಇದು. ನಿನ್ನೆಯ, ಹೋದ ತಿಂಗಳ, ಹೋದ ವರ್ಷದ ಪ್ರತಿಗಳನ್ನು ಒಂದರ ಮೇಲೊಂದು ಬರೆಯದೆ ತಾರೀಖು ಹಾಕಿ ಬೇರೆಬೇರೆಯಾಗಿ ಇಟ್ಟರೆ ಮಾತ್ರ ಅದು ತುಂಬುತ್ತದೆ.

ಕ್ಲೌಡ್ ಖಾತೆಯ ಕೀಲಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯೂ ಇದೆ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಇಡೀ ಖಾಸಗಿ ಕ್ಲೌಡ್ ಖಾತೆಯನ್ನು ಗೂಗಲ್ ಕ್ಲೌಡ್ ಅಳಿಸಿಬಿಟ್ಟಿತು. ಸೇವೆಯನ್ನು ಸಿದ್ಧಪಡಿಸುವಾಗ ಆದ ತಪ್ಪು ಹೊಂದಾಣಿಕೆಯೇ ಅದಕ್ಕೆ ಕಾರಣ. ಎರಡು ಬೇರೆಬೇರೆ ಪ್ರದೇಶಗಳಲ್ಲಿ ಪ್ರತಿ ಇಟ್ಟಿದ್ದರೂ ಎರಡೂ ಒಂದೇ ಖಾತೆಯ ಅಡಿ ಇದ್ದುದರಿಂದ ಎರಡೂ ಹೋದವು. ಬೇರೆಯೇ ಕಂಪನಿಯೊಂದರ ಬಳಿ ಇಟ್ಟಿದ್ದ ಬ್ಯಾಕಪ್ಪಿನಿಂದ ಸೇವೆ ಮತ್ತೆ ಎದ್ದು ನಿಂತಿತು. ಇನ್ನು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ 2021ರ ಮಾರ್ಚ್ 10ರಂದು ಒವಿಎಚ್ ಕಂಪನಿಯ ದತ್ತಾಂಶ ಕೇಂದ್ರ ಹೊತ್ತಿ ಉರಿದಾಗ, ಬ್ಯಾಕಪ್‌ಗೆಂದೇ ದುಡ್ಡು ಕಟ್ಟಿದ್ದ ಕೆಲವು ಗ್ರಾಹಕರ ನಕಲೂ ಅದೇ ಕಟ್ಟಡದಲ್ಲಿತ್ತು ಎಂಬುದು ಬಯಲಾಯಿತು. ನಮ್ಮ ಸಣ್ಣ ಸಂಸ್ಥೆಗಳಲ್ಲಿ ಕೀಲಿಯ ಸಮಸ್ಯೆ ಇನ್ನೂ ಸರಳ, ಇನ್ನೂ ಸಾಮಾನ್ಯ. ಕ್ಲೌಡ್ ಖಾತೆ ತೆರೆದಿದ್ದು ಲೆಕ್ಕ ಬರೆಯುತ್ತಿದ್ದ ಹುಡುಗ. ಒಟಿಪಿ ಬರುವುದು ಅವನ ಮೊಬೈಲಿಗೆ. ಅವನೀಗ ಬೆಂಗಳೂರು ಸೇರಿದ್ದಾನೆ. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನೀತಿಯನ್ನೂ ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ.

‘ಹೇಗೂ ಸರ್ಕಾರದ ಪೋರ್ಟಲ್‌ನಲ್ಲಿದೆ, ಆಡಿಟರ್ ಬಳಿಯೂ ಇದೆ’ ಎಂಬುದು ಮೂರನೆಯ ನೆಮ್ಮದಿ. ಜಿಎಸ್‌ಟಿ ಪೋರ್ಟಲ್‌ನಲ್ಲಿರುವುದು ಸಲ್ಲಿಸಿದ ರಿಟರ್ನ್. ಗೋದಾಮಿನಲ್ಲಿ ಎಷ್ಟು ಚೀಲ ಉಳಿದಿದೆ, ಯಾವ ರೈತ ಎಷ್ಟು ಉದ್ರಿ ಉಳಿಸಿಕೊಂಡಿದ್ದಾನೆ ಎಂದು ಅದಕ್ಕೆ ಗೊತ್ತಿಲ್ಲ. ರಿಟರ್ನ್‌ಗಳನ್ನಾದರೂ ಅದು ಎಂದೆಂದಿಗೂ ಇಟ್ಟುಕೊಳ್ಳುವುದಿಲ್ಲ. ಏಳು ವರ್ಷದ ಆಚೆಗಿನದನ್ನು ತೆಗೆದುಹಾಕುವ ನೀತಿಯಂತೆ 2024ರಲ್ಲಿ 2017ರ ಜುಲೈ ತಿಂಗಳ ಮಾಹಿತಿಯಿಂದ ಶುರುಮಾಡಿ ಪೋರ್ಟಲ್‌ನಿಂದ ಸರಿಸಲಾಯಿತು. ವ್ಯಾಪಾರಿಗಳು ತೊಂದರೆ ಹೇಳಿಕೊಂಡ ಮೇಲೆ ಮರಳಿ ತಂದರು. ಸರ್ಕಾರಗಳೇ ಎಡವುವುದೂ ಉಂಟು. ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ 2025ರ ಸೆಪ್ಟೆಂಬರ್ 26ರಂದು ಸರ್ಕಾರಿ ದತ್ತಾಂಶ ಕೇಂದ್ರದ ಬ್ಯಾಟರಿಗಳಿಗೆ ಬೆಂಕಿ ಹತ್ತಿ, ನೌಕರರ ಕಡತಗಳಿದ್ದ ‘ಜಿ-ಡ್ರೈವ್’ನ 858 ಟೆರಾಬೈಟ್ ಭಸ್ಮವಾಯಿತು. ಗಾತ್ರ ವಿಪರೀತ ಎಂಬ ಕಾರಣಕ್ಕೆ ಹೊರಗೆಲ್ಲೂ ಅದರ ನಕಲು ಇರಲಿಲ್ಲ. ಡಿಜಿಟಲ್ ಆಡಳಿತಕ್ಕೆ ಜಗತ್ತೇ ಮಾದರಿ ಎನ್ನುವ ದೇಶ ಅದು!

> ಕಾನೂನಿನಲ್ಲೂ ಇದೆ
> ಕೇಂದ್ರ ಜಿಎಸ್‌ಟಿ ನಿಯಮ 57: ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡುವವರು, ಅಪಘಾತದಿಂದಲೋ ಪ್ರಕೃತಿ ವಿಕೋಪದಿಂದಲೋ ಅದು ನಾಶವಾದರೆ ಸೂಕ್ತ ಅವಧಿಯಲ್ಲಿ ಮರಳಿ ಪಡೆಯುವಂತೆ ಬ್ಯಾಕಪ್ ಕಾಪಾಡಬೇಕು.
> ಕಾಯ್ದೆಯ ಸೆಕ್ಷನ್ 36: ಆಯಾ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಉಳಿಸಬೇಕು.
> ಕಂಪನಿಯಾಗಿ ನೋಂದಾಯಿಸಿಕೊಂಡವರಿಗೆ 2022ರ ಆಗಸ್ಟ್ ತಿದ್ದುಪಡಿಯಿಂದ ಇನ್ನೂ ಬಿಗಿ: ಬ್ಯಾಕಪ್ ಪ್ರತಿದಿನ ಆಗಬೇಕು, ಸರ್ವರ್ ಭಾರತದಲ್ಲಿರಬೇಕು.

ಇಷ್ಟೆಲ್ಲ ಕೇಳಿದ ಹಿರಿಯ ಗುಮಾಸ್ತರು ‘ಅದಕ್ಕೇ ನಾವು ಪುಸ್ತಕ ಬಿಟ್ಟಿಲ್ಲ’ ಎಂದರೆ ನಗಬಾರದು. ಕಂಪ್ಯೂಟರಿನ ಕೇಡು ಕಾಗದಕ್ಕೆ ತಗುಲುವುದಿಲ್ಲ. ವೈರಸ್ಸಿಗೆ ರಿಜಿಸ್ಟರು ಓದಲು ಬರುವುದಿಲ್ಲ. ದೂರದ ದೃಷ್ಟಿಯಿಂದ ನೋಡಿದರೆ ಮುದ್ರಿಸಿಟ್ಟ ಹಾಲಿನ ದಿನಪಟ್ಟಿ ಒಳ್ಳೆಯ ಬ್ಯಾಕಪ್ಪೇ. ಆದರೆ ಅದಕ್ಕೂ ಅದರದೇ ಶತ್ರುಗಳಿವೆ. 2018ರ ಆಗಸ್ಟಿನಲ್ಲಿ ಕೊಡಗು, 2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆಗಳ ನದಿದಂಡೆ ಕಂಡ ನೀರು ಪುಸ್ತಕವನ್ನೂ ಬಿಡುವುದಿಲ್ಲ, ಕಂಪ್ಯೂಟರನ್ನೂ ಬಿಡುವುದಿಲ್ಲ. ರೈತರ ಕೈಗೆ ಕೊಡುವ ಚೀಟಿ ಥರ್ಮಲ್ ಕಾಗದದ್ದಾದರೆ ಬಿಸಿಲಿಗೂ ಜೇಬಿನ ಬೆವರಿಗೂ ಕೆಲವು ತಿಂಗಳಲ್ಲಿ ಬಿಳುಚಿಕೊಳ್ಳುತ್ತದೆ. ಎರಡೂ ಇರಲಿ, ಎರಡೂ ಬೇರೆ ಕಡೆ ಇರಲಿ ಎಂಬುದೇ ಇಲ್ಲಿನ ತೀರ್ಪು.

ಹಾಗಾದರೆ ಕಂಪ್ಯೂಟರಿನಲ್ಲಿರುವುದನ್ನೆಲ್ಲ ಹೊತ್ತು ತಿರುಗಬೇಕೇ? ಬೇಕಿಲ್ಲ, ಕೆಲಸ ಹಗುರಾಗುವುದೇ ಇಲ್ಲಿ. ಮತ್ತೆ ಸಿಗುವುದನ್ನು ಬಿಟ್ಟುಬಿಡಬಹುದು. ಪಹಣಿ ಕಳೆದರೆ ‘ಭೂಮಿ’ಯಿಂದ ಇನ್ನೊಂದು ಪ್ರತಿ ಬರುತ್ತದೆ, ತಂತ್ರಾಂಶವನ್ನು ಮತ್ತೆ ಇಳಿಸಿಕೊಳ್ಳಬಹುದು, ಬ್ಯಾಂಕಿನ ವಿವರ ಬ್ಯಾಂಕಿನಲ್ಲೇ ಇದೆ. ನಾವಷ್ಟೇ ಬರೆದದ್ದು, ಇನ್ನೆಲ್ಲೂ ಇಲ್ಲದ್ದು ಯಾವುದೋ ಅದನ್ನು ಉಳಿಸಿದರೆ ಸಾಕು. ಅಂಗಡಿಯಲ್ಲಾದರೆ ಟ್ಯಾಲಿಯ ಡೇಟಾ ಫೋಲ್ಡರು. 1986ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಂಪನಿಯ ಈ ತಂತ್ರಾಂಶದೊಳಗೇ ಬ್ಯಾಕಪ್, ರೀಸ್ಟೋರ್ ಎರಡೂ ಇವೆ. ತೋಟದಲ್ಲಾದರೆ ಕಥೆ ಇನ್ನೂ ಸ್ವಾರಸ್ಯ. ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಹಳೆಯ ಎಸ್ಟೇಟುಗಳಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವ ರೂಢಿ ತಲೆಮಾರುಗಳಿಂದ ಬಂದಿದೆ. ಹೂಮಳೆ ಯಾವ ವರ್ಷ ಯಾವ ವಾರ ಬಿತ್ತು, ಆ ಸಲ ಕೊಯ್ಲು ಎಷ್ಟಾಯಿತು ಎಂಬುದು ಯಾವ ಇಲಾಖೆಯ ಬಳಿಯೂ ಆ ತೋಟದ ಮಟ್ಟಕ್ಕೆ ಸಿಗುವುದಿಲ್ಲ. ಇದೀಗ ಅದು ಎಕ್ಸೆಲ್ ಹಾಳೆಗೆ ಏರುತ್ತಿದೆ. ಯುರೋಪಿನ ಅರಣ್ಯನಾಶ ತಡೆ ನಿಯಮದ ಜಾರಿ ಮುಂದೂಡುತ್ತ ಬಂದಿದ್ದರೂ, ಅಲ್ಲಿಗೆ ಹೋಗುವ ಕಾಫಿ ಯಾವ ತಾಕಿನಲ್ಲಿ ಬೆಳೆದದ್ದು ಎಂಬ ಭೂನಿರ್ದೇಶಾಂಕವನ್ನು ಬೆಳೆಗಾರ ಕೊಡಲೇಬೇಕಾಗುತ್ತದೆ; ಅದೂ ಉಳಿಸಬೇಕಾದ ಪಟ್ಟಿಗೇ ಸೇರಿದ್ದು. ಉಣ್ಣುವ ಕಾಳು, ಬಿತ್ತುವ ಕಾಳು ಎಂದು ಬೇರೆ ಮಾಡಿಟ್ಟುಕೊಳ್ಳುವ ಕೃಷಿಕನಿಗೆ ಈ ವಿಂಗಡಣೆ ಹೊಸದೇನಲ್ಲ. ಹೀಗೆ ಬೇರೆ ಮಾಡಿದರೆ ಉಳಿಯುವುದು ಒಂದು ಪೆನ್ ಡ್ರೈವಿಗೆ ಲೀಲಾಜಾಲವಾಗಿ ಹಿಡಿಯುತ್ತದೆ. ಎರಡು ಪೆನ್ ಡ್ರೈವಿದ್ದರೆ ಒಂದು ಕೋಣೆಯಲ್ಲಿ, ಒಂದು ಅಧ್ಯಕ್ಷರ ಮನೆಯಲ್ಲಿ, ವಾರಕ್ಕೊಮ್ಮೆ ಅದಲುಬದಲು. ಖರ್ಚು ಒಂದು ಮೂಟೆ ಪಶು ಆಹಾರದ ಬೆಲೆಯೊಳಗೆ ಮುಗಿಯುತ್ತದೆ.

ಪ್ರತಿಗಳನ್ನು ಊರ ತುಂಬ ಹಂಚಿದರೆ ಗುಟ್ಟು ರಟ್ಟಾಗುವುದಿಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಡೇರಿಯ ಪಟ್ಟಿಯಲ್ಲಿ ಸದಸ್ಯರ ಬ್ಯಾಂಕ್ ಖಾತೆ, ಆಧಾರ್, ಮೊಬೈಲ್ ಸಂಖ್ಯೆಗಳಿವೆ; ಇಂಥ ವಿವರಗಳ ಹೊಣೆಯನ್ನು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಇಟ್ಟುಕೊಂಡವರ ಹೆಗಲಿಗೇ ಹೊರಿಸಿದೆ. ಆದ್ದರಿಂದ ಹೊರಗೆ ಹೋಗುವ ಪ್ರತಿಗೆ ಪಾಸ್‌ವರ್ಡ್ ಬೀಗ ಬೇಕು. ಪಾಸ್‌ವರ್ಡ್ ಮರೆತರೆ ನಕಲಿದ್ದೂ ಇಲ್ಲದಂತೆಯೇ. ಅದನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಅಂಟು ಹಾಕಿ, ಸಂಘದ ತಿಜೋರಿಯಲ್ಲಿಡುವುದು ಹಳೆಯ ಕ್ರಮವಾದರೂ ಕೆಲಸಕ್ಕೆ ಬರುತ್ತದೆ. ಕಾರ್ಯದರ್ಶಿ ಬದಲಾದ ದಿನ ಬೀರುವಿನ ಕೀಲಿಯ ಜೊತೆ ಆ ಲಕೋಟೆಯೂ ಕೈಬದಲಾಗಬೇಕು.

ಉಳಿದಿರುವುದು ಪರೀಕ್ಷೆ. ಹೆಚ್ಚಿನವರು ಎಡವುವುದು ಇಲ್ಲೇ, ಅದೂ ಬಲ್ಲವರೇ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಕಂಪನಿಯ ಎಂಜಿನಿಯರೊಬ್ಬರು ತಪ್ಪು ಸರ್ವರಿನಲ್ಲಿ ಆದೇಶ ಒತ್ತಿ ಸುಮಾರು 300 ಜಿಬಿ ದತ್ತಾಂಶ ಅಳಿಸಿಬಿಟ್ಟರು. ಬ್ಯಾಕಪ್‌ಗೆ ಐದು ಬಗೆಯ ಏರ್ಪಾಡಿತ್ತು. ಹುಡುಕಿದಾಗ ಒಂದೂ ನೆಟ್ಟಗಿರಲಿಲ್ಲ. ಮುಖ್ಯ ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದದೆ ಸದ್ದಿಲ್ಲದೆ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ಎಚ್ಚರಿಸಬೇಕಿದ್ದ ಇಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವು. ಬೇರೆ ಯಾವುದೋ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ಪ್ರತಿ ಕಂಪನಿಯ ಮಾನ ಉಳಿಸಿತು. ಎಂಜಿನಿಯರುಗಳೇ ತುಂಬಿದ ಕಂಪನಿಯ ಪಾಡೇ ಹೀಗಾದರೆ, ‘ಬ್ಯಾಕಪ್ ಯಶಸ್ವಿ’ ಎಂದು ಪರದೆ ಹೇಳಿದ್ದನ್ನೇ ನಂಬಿ ಕೂರಲು ಹಾಲಿನ ಸಂಘಕ್ಕೆ ಯಾವ ಧೈರ್ಯ? ಲೆಕ್ಕದ ಫೈಲನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಯಾವುದಾದರೂ ಒಬ್ಬ ಸದಸ್ಯರ ಯಾವುದಾದರೂ ಒಂದು ದಿನದ ಹಾಲು ಪುಸ್ತಕದೊಂದಿಗೆ ತಾಳೆಯಾಗುತ್ತದೆಯೇ ಎಂದು ನೋಡಲು ಅರ್ಧ ಗಂಟೆ ಸಾಕು.

ಸಮಯವಿಲ್ಲ ಎಂಬ ಕೊನೆಯ ಆಕ್ಷೇಪಕ್ಕೂ ಆ ಅರ್ಧ ಗಂಟೆಯೇ ಉತ್ತರ. ಆದರೆ ಅದು ಯಾರ ಅರ್ಧ ಗಂಟೆ ಎಂದು ಗೊತ್ತುಮಾಡದಿದ್ದರೆ ಯಾರೂ ಮಾಡುವುದಿಲ್ಲ. ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿ ವೆಚ್ಚದಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹೀಗೆ ಸಂಘಗಳ ಪುಸ್ತಕಗಳೆಲ್ಲ ಪರದೆಗೆ ಏರುತ್ತಿರುವಾಗ, ಲೆಕ್ಕ ಪರಿಶೋಧನೆಗೆ ಬಂದವರು ನಗದು ಪುಸ್ತಕ, ದಾಸ್ತಾನು ಪಟ್ಟಿಗಳ ಜೊತೆಗೆ ‘ಕೊನೆಯ ಸಲ ರೀಸ್ಟೋರ್ ಮಾಡಿ ನೋಡಿದ ದಿನಾಂಕ ಯಾವುದು, ಮಾಡಿದವರು ಯಾರು?’ ಎಂದು ಕೇಳಿ ವರದಿಯಲ್ಲಿ ಒಂದು ಸಾಲು ಬರೆಯಬೇಕು. ಅದನ್ನು ವಾರ್ಷಿಕ ಮಹಾಸಭೆಯಲ್ಲಿ ಓದಿದರೆ ಹಾಲು ಹಾಕಿದವರೇ ಎದ್ದು ನಿಂತು ಮುಂದಿನದನ್ನು ಕೇಳುತ್ತಾರೆ.